ಫೋಟೊ ಕಳಿಸಿದ್ದು ನಮ್ಮ ಮಗಳೇ; ಕೇಸು ನಿಲ್ಲುತ್ತದೆಯೇ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ, 14 ವರ್ಷ. ಮೂರು ತಿಂಗಳ ಹಿಂದೆ ಮೊಬೈಲ್ ಗೇಮ್‌ನಲ್ಲಿ ಪರಿಚಯವಾದ ಒಬ್ಬಳು ಇನ್‌ಸ್ಟಾಗ್ರಾಂನಲ್ಲಿ ಗೆಳತಿಯಾದಳು. ತನಗೆ 16 ವರ್ಷ, ಊರು ಮಂಗಳೂರು ಎಂದಿದ್ದಳು. ನಂಬಿಸಿ, ಪುಸಲಾಯಿಸಿ, ಮಗಳಿಂದ ಬಟ್ಟೆಯಿಲ್ಲದ ಮೂರು ಫೋಟೊ ತರಿಸಿಕೊಂಡಿದ್ದಾಳೆ. ಆಮೇಲೆ ಗೊತ್ತಾಯಿತು, ಆ ಕಡೆ ಇರುವುದು ಗಂಡಸು. ವಿಡಿಯೊ ಕಳಿಸು, 5,000 ರೂಪಾಯಿ ಹಾಕು, ಇಲ್ಲದಿದ್ದರೆ ನಿನ್ನ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಹೆದರಿ ಅಪ್ಪನ ಫೋನಿನಿಂದ 2,000 ರೂಪಾಯಿ ಯುಪಿಐ ಮಾಡಿದ್ದಾಳೆ. ನನ್ನ ಗಂಡ ಫೋನ್ ರಿಸೆಟ್ ಮಾಡಿ ಸಿಮ್ ಮುರಿದು ಹಾಕೋಣ ಎನ್ನುತ್ತಾರೆ. ಮೈದುನ, ‘ಆ ಫೋಟೊ, ಚಾಟ್ ಎಲ್ಲ ನನಗೆ ಫಾರ್ವರ್ಡ್ ಮಾಡಿ, ಗೊತ್ತಿರುವ ಹ್ಯಾಕರ್ ಇದ್ದಾನೆ’ ಎನ್ನುತ್ತಾನೆ. ಹೆಡ್‌ಮಾಸ್ಟರು ಪೊಲೀಸ್ ಬೇಡ, ಹುಡುಗಿಯ ಹೆಸರು ಹಾಳಾಗುತ್ತದೆ ಅಂದರು. ಫೋಟೊ ಕಳಿಸಿದ್ದು ಇವಳೇ ಆದ್ದರಿಂದ ಇವಳ ಮೇಲೂ ಕೇಸಾಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಇದು ನಿಜವೇ? ಫೋನ್ ವರ್ಷಗಟ್ಟಲೆ ಠಾಣೆಯಲ್ಲೇ ಉಳಿಯುತ್ತದೆಯೇ? ಅವನು ಸಿಗುತ್ತಾನೆಯೇ? ಮಗಳು ಕೋರ್ಟಿನಲ್ಲಿ ಅವನೆದುರು ನಿಲ್ಲಬೇಕೇ? (ಹೆಸರು, ಊರು ಬೇಡ.)

ಉತ್ತರ: ಇದನ್ನು ಪೂರ್ತಿ ಓದುವ ಮೊದಲೇ ಒಂದು ಕೆಲಸ ಮಾಡಿ. ಮಗಳ ಫೋನನ್ನು ಯಜಮಾನರ ಕೈಯಿಂದ ಈಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ರಿಸೆಟ್ ಬೇಡ, ಸಿಮ್ ಮುರಿಯುವುದು ಬೇಡ, ಇನ್‌ಸ್ಟಾಗ್ರಾಂ ಆ್ಯಪ್ ತೆಗೆಯುವುದೂ ಬೇಡ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಪ್ರಕರಣದಲ್ಲಿ ಅವನ ವಿರುದ್ಧ ಸದ್ಯಕ್ಕೆ ಇರುವ ಮುಖ್ಯ ಸಾಕ್ಷಿ ಆ ಫೋನು. ಅದನ್ನು ಅಳಿಸಿದರೆ ಉಪಕಾರವಾಗುವುದು ಅವನಿಗೆ.

ಎರಡನೆಯದು ಮಗಳ ವಿಷಯ. ಇಂಥ ಬೆದರಿಕೆಗೆ ಸಿಕ್ಕ ಮಕ್ಕಳು ಮನೆಯವರ ಬೈಗುಳಕ್ಕೆ ಹೆದರಿ ಜೀವಕ್ಕೆ ಅಪಾಯ ತಂದುಕೊಂಡದ್ದುಂಟು. ಕೆಲವು ರಾತ್ರಿ ಅವಳನ್ನು ಒಬ್ಬಳೇ ಮಲಗಲು ಬಿಡಬೇಡಿ. ‘ನಿನ್ನ ತಪ್ಪಿಲ್ಲ, ನೀನು ಹೇಳಿದ್ದು ಒಳ್ಳೆಯದಾಯಿತು’ ಎಂಬ ಮಾತು ಅವಳ ಕಿವಿಗೆ ಬೀಳಲಿ, ಅದೂ ಅಪ್ಪನ ಬಾಯಿಂದ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಎಲ್ಲ ಅಂಜಿಕೆಗಳ ಬುಡದಲ್ಲಿರುವುದು ಒಂದೇ ಮಾತು: ಕಳಿಸಿದವಳು ಇವಳೇ. ಕಾನೂನು ಹಾಗೆ ನೋಡುವುದಿಲ್ಲ. 18 ತುಂಬದವರ ಒಪ್ಪಿಗೆಗೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಬೆಲೆಯೇ ಇಲ್ಲ. ಮಗುವನ್ನು ಅಶ್ಲೀಲ ಉದ್ದೇಶಕ್ಕೆ ಪುಸಲಾಯಿಸುವುದು, ಡಿಜಿಟಲ್ ಮಾಧ್ಯಮದಲ್ಲಿ ಪದೇ ಪದೇ ಬೆನ್ನುಬೀಳುವುದು, ದೇಹದ ಚಿತ್ರ ಹರಡುತ್ತೇನೆಂದು ಹೆದರಿಸುವುದು, ಈ ಮೂರೂ ಸೆಕ್ಷನ್ 11ರಲ್ಲಿ ಲೈಂಗಿಕ ಕಿರುಕುಳ. ಆ ಚಿತ್ರ ನಿಜವಾದದ್ದಾಗಲಿ, ಕೃತಕವಾಗಿ ತಯಾರಿಸಿದ್ದಾಗಲಿ ವ್ಯತ್ಯಾಸವಿಲ್ಲ. ಎಐ ಬಳಸಿ ಮುಖ ಅಂಟಿಸಿದ ಚಿತ್ರವೂ ಇದರೊಳಗೆ ಬರುತ್ತದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 67ಬಿ ಕೂಡ ಮಕ್ಕಳನ್ನು ಆನ್‌ಲೈನ್ ಸಂಬಂಧಕ್ಕೆ ಸೆಳೆಯುವವನನ್ನು ಶಿಕ್ಷಿಸುತ್ತದೆ, ಸೆಳೆತಕ್ಕೆ ಸಿಕ್ಕ ಮಗುವನ್ನಲ್ಲ. ‘ತನ್ನ ಚಿತ್ರವನ್ನು ತಾನೇ ಕಳಿಸಿದ ಮಗುವಿಗೆ ವಿನಾಯಿತಿ’ ಎಂಬ ಒಂದು ಸಾಲು ನಮ್ಮ ಕಾಯ್ದೆಯಲ್ಲಿ ಬರೆದಿದ್ದರೆ ಚೆನ್ನಾಗಿತ್ತು. ಹಾಗೆ ಬರೆದಿಲ್ಲ, ಈ ವದಂತಿ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಮೋಸ ಹೋಗಿ, ಹೆದರಿ ಕಳಿಸಿದ ಮಗು ಈ ಕಾಯ್ದೆಯ ಕಣ್ಣಿನಲ್ಲಿ ಸಂತ್ರಸ್ತೆ. ದೂರಿನಲ್ಲಿ ಅವಳ ಜಾಗ ಅದೇ.

ಇಲ್ಲೇ ಒಂದು ಸೂಕ್ಷ್ಮವಿದೆ, ಬಹಳ ದೂರುಗಳು ಎಡವುವ ಜಾಗ. ದೂರಿನಲ್ಲಿ ‘ನನ್ನ ಮಗಳು ಅವನಿಗೆ ಫೋಟೊ ಕಳಿಸಿದ್ದು, ಅವನು ಬೆದರಿಸುತ್ತಿದ್ದಾನೆ’ ಎಂದಷ್ಟೇ ಬರೆದರೆ ಪೊಲೀಸರು ಸಹಜವಾಗಿ, ಸೆಕ್ಷನ್ 11ರ ಕಿರುಕುಳಕ್ಕೆ ಶಿಕ್ಷೆ ಹೇಳುವ ಪೋಕ್ಸೊ ಸೆಕ್ಷನ್ 12 ಹಾಕುತ್ತಾರೆ. ಅದಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. ನಡೆದದ್ದು ಅಷ್ಟೇ ಅಲ್ಲವಲ್ಲ. ಹೀಗೆ ನಿಲ್ಲು, ಹೀಗೆ ತೆಗೆ, ಇಂಥದ್ದು ಕಳಿಸು ಎಂದು ಅವನು ಹೇಳಿ ತೆಗೆಸಿದ್ದರೆ ಅದು ಮಗುವನ್ನು ಅಶ್ಲೀಲ ಚಿತ್ರಕ್ಕೆ ಬಳಸಿಕೊಂಡ ಅಪರಾಧ, ಅಂದರೆ ಸೆಕ್ಷನ್ 13. ಅದರ ಶಿಕ್ಷೆ ಸೆಕ್ಷನ್ 14ರಲ್ಲಿದೆ, ಕನಿಷ್ಠವೇ 5 ವರ್ಷ. ಆದ್ದರಿಂದ ಯಾವ ದಿನ, ಯಾವ ಮಾತಿನಲ್ಲಿ ಕೇಳಿದ, ಮೊದಲು ನಿರಾಕರಿಸಿದಾಗ ಏನಂದ ಎಂಬುದನ್ನು ಚಾಟ್ ನೋಡಿಕೊಂಡು ಅವನ ಮಾತಿನಲ್ಲೇ ಬರೆಯಿರಿ. ಹಣ ಕೇಳಿದ್ದು ಭಾರತೀಯ ನ್ಯಾಯ ಸಂಹಿತೆಯ 308ರ ಸುಲಿಗೆ, ಬೆದರಿಕೆ 351, ಹುಡುಗಿಯ ವೇಷ ಹಾಕಿ ಮೋಸ ಮಾಡಿದ್ದು ಐಟಿ ಕಾಯ್ದೆಯ 66ಡಿ. ಸೆಕ್ಷನ್ ಹಾಕುವುದು ನಿಮ್ಮ ಕೆಲಸವಲ್ಲ. ಆದರೆ ಆ ಸೆಕ್ಷನ್‌ಗೆ ಬೇಕಾದ ಸಂಗತಿ ದೂರಿನಲ್ಲಿ ಇಲ್ಲದಿದ್ದರೆ ಹಾಕುವವರಿಗೂ ದಾರಿಯಿಲ್ಲ.

ಮೈದುನನ ಮಾತಿಗೆ ಖಡಾಖಂಡಿತ ಬೇಡ ಎನ್ನಿ. ಆ ಮೂರು ಫೋಟೊಗಳು ಕಾನೂನಿನ ಪ್ರಕಾರ ಮಕ್ಕಳ ಲೈಂಗಿಕ ಶೋಷಣೆಯ ಸಾಮಗ್ರಿ. ಪೋಕ್ಸೊ ಸೆಕ್ಷನ್ 15ರಲ್ಲಿ ಇದನ್ನು ರವಾನಿಸುವುದಕ್ಕೆ 3 ವರ್ಷದವರೆಗೆ ಶಿಕ್ಷೆಯಿದೆ. ಪೊಲೀಸರಿಗೆ ವರದಿ ಮಾಡಲು, ಕೋರ್ಟಿಗೆ ಸಾಕ್ಷ್ಯವಾಗಿ ಕೊಡಲು ಮಾತ್ರ ವಿನಾಯಿತಿ. ಮೈದುನ, ಅವನ ಗೆಳೆಯ, ಹೆಡ್‌ಮಾಸ್ಟರು, ಕೊನೆಗೆ ಸಲಹೆ ಕೇಳಲು ವಕೀಲರ ವಾಟ್ಸ್‌ಆ್ಯಪ್, ಇವು ಯಾವುವೂ ಆ ವಿನಾಯಿತಿಯೊಳಗೆ ಬರುವುದಿಲ್ಲ. ಜಸ್ಟ್ ರೈಟ್ಸ್ ಫಾರ್ ಚಿಲ್ಡ್ರನ್ ಅಲಯನ್ಸ್ ಪ್ರಕರಣದಲ್ಲಿ 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಇಂಥ ಸಾಮಗ್ರಿಯನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಸೆಕ್ಷನ್ 15ರ ವ್ಯಾಪ್ತಿಗೆ ಬರುತ್ತದೆ ಎಂದಿತು. ಅದೇ ವರ್ಷ ಜುಲೈನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ‘ಬರೀ ನೋಡುವುದು 67ಬಿ ಅಡಿ ಅಪರಾಧವಲ್ಲ’ ಎಂದು ಒಂದು ಕೇಸು ರದ್ದು ಮಾಡಿ, ಕೆಲವೇ ದಿನಗಳಲ್ಲಿ ಆ ಆದೇಶವನ್ನು ತಾನೇ ಹಿಂಪಡೆದಿತ್ತು. ಆ ಮೊದಲಿನ ಸುದ್ದಿಯ ಶೀರ್ಷಿಕೆ ಇನ್ನೂ ಜನರ ಬಾಯಲ್ಲಿದೆ, ಅದನ್ನು ನಂಬಬೇಡಿ.

ಹ್ಯಾಕರ್ ವಿಷಯದಲ್ಲಿ ತೊಂದರೆ ಇನ್ನೂ ದೊಡ್ಡದು. ಬೇರೆಯವರ ಖಾತೆಗೆ ನುಗ್ಗುವುದೇ ಅಪರಾಧ. ನುಗ್ಗಿ ತಂದ ಮಾಹಿತಿಯನ್ನು ‘ಇದನ್ನು ನೀವೇ ತುಂಬಿದ್ದು’ ಎಂದು ಎದುರು ಪಕ್ಷದವರು ಸುಲಭವಾಗಿ ಹೇಳುತ್ತಾರೆ. ಮಗಳ ಹೆಸರಿನಲ್ಲಿ ನೀವೇ ಚಾಟ್ ಮುಂದುವರಿಸಿ ಅವನನ್ನು ಬಲೆಗೆ ಬೀಳಿಸುವ ಯೋಚನೆಯಿದ್ದರೆ ಅದೂ ಬೇಡ. ಯಾವ ಸಾಲು ಮಗುವಿನದು, ಯಾವುದು ದೊಡ್ಡವರದು ಎಂದು ಆಮೇಲೆ ಬಿಡಿಸುವುದು ಕಷ್ಟ.

ಹಾಗಾದರೆ ಇವತ್ತು ಮಾಡಬೇಕಾದ್ದೇನು? ಇನ್‌ಸ್ಟಾಗ್ರಾಂನಲ್ಲಿ ಅವನು ತನ್ನ ಮೆಸೇಜನ್ನು ‘ಅನ್‌ಸೆಂಡ್’ ಮಾಡಿದರೆ ಅದು ನಿಮ್ಮ ಕಡೆಯಿಂದಲೂ ಮಾಯವಾಗುತ್ತದೆ. ಆದ್ದರಿಂದ ಕಾಯುವಂತಿಲ್ಲ. ನಿಮ್ಮದೇ ಇನ್ನೊಂದು ಫೋನ್ ತೆಗೆದುಕೊಂಡು, ಮಗಳ ಫೋನಿನ ಪರದೆಯನ್ನು ವಿಡಿಯೊ ಮಾಡಿ. ಮೊದಲು ದಿನಾಂಕ, ಸಮಯ ಕಾಣಲಿ. ಆಮೇಲೆ ಅವನ ಪ್ರೊಫೈಲ್ ಪುಟ, ಅದರ ಬಳಕೆದಾರ ಹೆಸರು, ಅನುಸರಿಸುವವರ ಸಂಖ್ಯೆ. ಅಲ್ಲಿಂದ ವಿಡಿಯೊ ನಿಲ್ಲಿಸದೆ ಚಾಟ್‌ಗೆ ಹೋಗಿ ಮೊದಲ ಮೆಸೇಜಿನಿಂದ ಕೊನೆಯವರೆಗೆ ನಿಧಾನವಾಗಿ ಸರಿಸಿ. ಮಗಳ ಫೋಟೊ ಬರುವ ಕಡೆ ಪರದೆಗೆ ಅಂಗೈ ಅಡ್ಡ ಹಿಡಿಯಿರಿ. ಆ ಚಿತ್ರ ಮೂಲ ಫೋನಿನಲ್ಲಿ ಇದ್ದೇ ಇದೆ, ಅದರ ಇನ್ನೊಂದು ಪ್ರತಿ ಹುಟ್ಟುವುದು ಬೇಡ. ಪ್ರೊಫೈಲಿನ ಲಿಂಕನ್ನು ಕಾಪಿ ಮಾಡಿ ಬರೆದಿಡಿ. ಬಳಕೆದಾರ ಹೆಸರನ್ನು ಅವನು ನಾಳೆಯೇ ಬದಲಿಸಬಹುದು. ಯಾವ ದಿನ, ಎಷ್ಟು ಗಂಟೆಗೆ ಆ ಹೆಸರು ಇತ್ತು ಎಂಬುದು ದಾಖಲಾಗಿದ್ದರೆ ಕಂಪನಿ ತನ್ನ ಕಡೆ ಅದೇ ಖಾತೆಯನ್ನು ಹುಡುಕಬಲ್ಲದು. ಗೇಮಿನಲ್ಲಿದ್ದ ಐಡಿ, ಯುಪಿಐ ಐಡಿ, 2,000 ರೂಪಾಯಿ ಹೋದ ವ್ಯವಹಾರದ ಉಲ್ಲೇಖ ಸಂಖ್ಯೆ, ಇವನ್ನೂ ಬರೆದಿಡಿ. ಇಷ್ಟಾದ ಮೇಲೆ ಅವನಿಗೆ ಉತ್ತರ ಕೊಡುವುದನ್ನು ನಿಲ್ಲಿಸಿ. ಬ್ಲಾಕ್ ಮಾಡಬಹುದು, ಚಾಟ್ ಮಾತ್ರ ಅಳಿಸಬೇಡಿ. ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ. ಹಣ ಕೊಟ್ಟವರನ್ನು ಇವರು ಬಿಡುವುದಿಲ್ಲ, ಕೊಡುವ ಮನೆ ಇದು ಎಂದು ಗುರುತು ಹಾಕಿಕೊಳ್ಳುತ್ತಾರೆ.

ಹೋದ 2,000ಕ್ಕಾಗಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಮೊತ್ತ ಚಿಕ್ಕದು ಎಂದು ಬಿಡಬೇಡಿ. ಎಷ್ಟೋ ಕೇಸುಗಳಲ್ಲಿ ಇನ್‌ಸ್ಟಾಗ್ರಾಂ ದಾರಿಗಿಂತ ಹಣದ ದಾರಿಯೇ ಬೇಗ ಮನುಷ್ಯನ ಬಳಿ ತಲುಪಿಸುತ್ತದೆ. ಯುಪಿಐ ಐಡಿಯ ಹಿಂದೆ ಬ್ಯಾಂಕ್ ಖಾತೆ, ಖಾತೆಯ ಹಿಂದೆ ಕೆವೈಸಿ, ಮೊಬೈಲ್ ಸಂಖ್ಯೆ ಇರುತ್ತದೆ. ಅದು ಬಾಡಿಗೆಗೆ ಪಡೆದ ಯಾರದೋ ಖಾತೆಯಾಗಿದ್ದರೂ ಅದನ್ನು ಬಾಡಿಗೆಗೆ ಕೊಟ್ಟವನೊಬ್ಬ ಇದ್ದೇ ಇರುತ್ತಾನೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಕಂಪನಿಗೆ ಮಾತ್ರ ದೂರು ಕೊಟ್ಟು ಸುಮ್ಮನಾಗುವುದು. 2021ರ ಐಟಿ ನಿಯಮಗಳು ಬಂದಾಗಲೇ ಇಂಥ ಖಾಸಗಿ ಚಿತ್ರವನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು ವಿಧಿಸಿದ್ದವು. ಸಂತ್ರಸ್ತೆಯ ಪರವಾಗಿ ಬೇರೆಯವರೂ ದೂರು ಕೊಡಬಹುದು. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೂ ಇದೆ. ಅಲ್ಲಿ ಫೋಟೊ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಫೋನಿನಲ್ಲೇ ಆ ಚಿತ್ರದ ಡಿಜಿಟಲ್ ಬೆರಳಚ್ಚು ತಯಾರಾಗಿ, ಅದಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ವೇದಿಕೆಗಳಿಗೆ ತಲುಪುತ್ತದೆ. ಅದೇ ಚಿತ್ರ ಯಾರಾದರೂ ಹಾಕಿದರೆ ತಡೆಯಲು ಅವಕ್ಕೆ ಸಾಧ್ಯವಾಗುತ್ತದೆ. ಇದನ್ನು ಮಾಡಲೇಬೇಕು, ಆದರೆ ಮೊದಲು ವಿಡಿಯೊ ದಾಖಲೆ, ಆಮೇಲೆ ಇದು. ಇದರ ಮಿತಿ ಏನೆಂದರೆ ಗೂಢಲಿಪೀಕರಣವಿರುವ (ಕಂಪನಿಗೂ ಒಳಗೆ ನೋಡಲಾಗದ) ಖಾಸಗಿ ಚಾಟುಗಳಲ್ಲಿ ಇದು ನಡೆಯದು, ಮತ್ತು ಅವನು ಇನ್ನೊಂದು ಖಾತೆ ತೆರೆದು ಇನ್ನೊಬ್ಬರ ಮಗಳ ಬೆನ್ನು ಹತ್ತುತ್ತಾನೆ.

ಎರಡನೆಯ ದಾರಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್. ಮಕ್ಕಳ ಅಶ್ಲೀಲ ಸಾಮಗ್ರಿಯ ಬಗ್ಗೆ ಅಲ್ಲಿ ಹೆಸರು ಹೇಳದೆಯೂ ವರದಿ ಮಾಡಬಹುದು. ಎಲ್ಲೋ ಇಂಥ ಚಿತ್ರ ಕಂಡ ಮೂರನೆಯವರಿಗೆ ಇದು ಒಳ್ಳೆಯ ದಾರಿ. ನಿಮಗೆ ಸಾಲದು, ಏಕೆಂದರೆ ಹೆಸರಿಲ್ಲದ ದೂರಿನ ಹಿಂದೆ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ.

ಮೂರನೆಯದು ಎಫ್‌ಐಆರ್. ನನ್ನ ಸಲಹೆ ಇದೇ. ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಬಹುದು, ಮನೆ ಹತ್ತಿರದ ಠಾಣೆಗೂ ಹೋಗಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಎಂದು ಹಿಂದೆ ಕಳಿಸುವಂತಿಲ್ಲ. ವ್ಯಾಪ್ತಿ ನೋಡದೆ ದಾಖಲಿಸುವ ಝೀರೊ ಎಫ್‌ಐಆರ್ ಮಾಡಿ ಅವರೇ ವರ್ಗಾಯಿಸಬೇಕು. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಪೋಕ್ಸೊ ದೂರನ್ನು ದಾಖಲಿಸದ ಅಧಿಕಾರಿಗೆ ಸೆಕ್ಷನ್ 21ರಲ್ಲಿ 6 ತಿಂಗಳವರೆಗೆ ಶಿಕ್ಷೆಯಿದೆ. ಅಷ್ಟಾದರೂ ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ದೂರು ಕಳಿಸಿ, ಆಮೇಲೆ ನ್ಯಾಯಾಲಯದ ಮೊರೆ ಹೋಗುವ ದಾರಿ ಇದೆ. ತನಿಖೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಐಟಿ ಕಾಯ್ದೆಯ ಸೆಕ್ಷನ್ 78ರಂತೆ ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಮಗುವಿನ ಹೇಳಿಕೆಯನ್ನು ಮಹಿಳಾ ಸಬ್ ಇನ್‌ಸ್ಪೆಕ್ಟರ್ ಪಡೆಯಬಹುದು. ಆದರೆ ಇಡೀ ತನಿಖೆಯನ್ನು ಅವರೇ ನಡೆಸಿ ಚಾರ್ಜ್‌ಶೀಟ್ ಹಾಕಿದರೆ ಆಪಾದಿತನ ವಕೀಲರು ಹಿಡಿಯುವ ಮೊದಲ ಎಳೆ ಅದೇ.

ಅವನು ಸಿಗುತ್ತಾನೆಯೇ? ‘ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ಸಿಕ್ಕರೆ ಮನೆ ಸಿಕ್ಕಿತು’ ಎಂಬುದು ಸಿನಿಮಾದ ಮಾತು. ‘ಕಂಪನಿ ಹೊರದೇಶದ್ದು, ಏನೂ ಆಗದು’ ಎಂಬುದೂ ತಪ್ಪು. ಖಾತೆ ತೆರೆದ ಮೊಬೈಲ್ ಸಂಖ್ಯೆ, ಇಮೇಲ್, ಲಾಗಿನ್ ಆದ ಐಪಿ ವಿಳಾಸಗಳನ್ನು ಪೊಲೀಸರ ಅಧಿಕೃತ ಕೋರಿಕೆಗೆ ಕಂಪನಿ ನೇರವಾಗಿ ಕೊಡಬಹುದು. ಚಾಟ್‌ನ ಒಳಗಿನ ಮಾತು, ಚಿತ್ರ ಬೇಕಾದರೆ ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿನ ಕೋರ್ಟಿನ ವಾರಂಟ್ ಬೇಕು. ಅದಕ್ಕೆ ಎರಡು ಸರ್ಕಾರಗಳ ನಡುವಿನ ಪರಸ್ಪರ ಕಾನೂನು ನೆರವಿನ ದಾರಿಯಲ್ಲಿ ಹೋಗಬೇಕು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಹಿಡಿಯುತ್ತದೆ. ಮಗಳ ಫೋನನ್ನು ಅಳಿಸಬೇಡಿ ಎಂದು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದು. ಅಮೆರಿಕದಿಂದ ಯಾವಾಗಲೋ ಬರಬೇಕಾದ ಸಾಕ್ಷ್ಯದ ಪ್ರತಿ ಈಗಾಗಲೇ ನಿಮ್ಮ ಮನೆಯಲ್ಲಿದೆ. ದೂರು ಕೊಟ್ಟ ದಿನವೇ ಆ ಖಾತೆಯ ದಾಖಲೆ ಕಾಯ್ದಿರಿಸುವಂತೆ ಕಂಪನಿಗೆ ಬರೆಯಲು ತನಿಖಾಧಿಕಾರಿಯನ್ನು ಲಿಖಿತವಾಗಿ ಕೇಳಿ. ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಇಂಥ ಕೋರಿಕೆಗೆ 90 ದಿನ ದಾಖಲೆ ಉಳಿಸಿಡುತ್ತದೆ. ಅದು ಮುಗಿಯುವ ಮೊದಲು ಮುಂದಿನ ಕಾನೂನು ಪತ್ರ ಹೋಗಬೇಕು.

ಐಪಿ ವಿಳಾಸ ಬಂದ ಮೇಲೂ ತಪ್ಪುಗಳಾಗುತ್ತವೆ. ಒಂದನ್ನು ಹತ್ತಿರದಿಂದ ನೋಡಿ. ಕಂಪನಿಯ ದಾಖಲೆಯಲ್ಲಿ ಲಾಗಿನ್ ಸಮಯ ‘ಮಾರ್ಚ್ 3, 18:45’ ಎಂದಿರುತ್ತದೆ, ಪಕ್ಕದಲ್ಲಿ ಚಿಕ್ಕದಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ ಎಂದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಅವನು ಲಾಗಿನ್ ಆದದ್ದು ಮಾರ್ಚ್ 4ರ ನಡುರಾತ್ರಿ 12:15ಕ್ಕೆ. ಇದನ್ನು ಗಮನಿಸದೆ ಮಾರ್ಚ್ 3ರ ಸಂಜೆ 6:45ಕ್ಕೆ ಈ ಐಪಿ ಯಾರದಿತ್ತು ಎಂದು ಮೊಬೈಲ್ ಕಂಪನಿಯನ್ನು ಕೇಳಿದರೆ ಬರುವ ಹೆಸರು ಬೇರೆ ಯಾರದೋ. ಸಮಯ ಸರಿಯಿದ್ದರೂ ಸಾಲದು. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ಬಹಳ ಜನರಿಗೆ ಹಂಚುತ್ತವೆ. ಅವರಲ್ಲಿ ಒಬ್ಬನನ್ನು ಬೇರ್ಪಡಿಸಲು ಪೋರ್ಟ್ ಸಂಖ್ಯೆ ಬೇಕು. ಅದನ್ನು ಮೊದಲ ಪತ್ರದಲ್ಲೇ ಕೇಳದಿದ್ದರೆ ಎರಡನೇ ಪತ್ರದ ಹೊತ್ತಿಗೆ ದಾಖಲೆ ಇರುತ್ತದೆಂಬ ಭರವಸೆಯಿಲ್ಲ.

ಇಷ್ಟು ಮಾಡಿ ತಲುಪುವುದು ಒಂದು ಸಿಮ್ ಅಥವಾ ಒಂದು ವೈಫೈವರೆಗೆ. ಆ ಸಿಮ್ ಅವನ ತಾಯಿಯ ಹೆಸರಲ್ಲಿರಬಹುದು, ಆ ವೈಫೈಯನ್ನು ಹಾಸ್ಟೆಲಿನ 40 ಹುಡುಗರು ಬಳಸುತ್ತಿರಬಹುದು. ಖಾತೆಯ ಹಿಂದಿನ ಕೈ ಯಾರದು ಎಂದು ತೋರಿಸುವುದು ಅವನ ಫೋನು: ಅದರಲ್ಲಿ ಅದೇ ಖಾತೆ ಲಾಗಿನ್ ಆಗಿರುವುದು, ಅದೇ ಚಾಟು, ಅದೇ ಚಿತ್ರಗಳು. ಆ ಫೋನನ್ನು ವಶಪಡಿಸಿಕೊಳ್ಳುವಾಗ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105ರಂತೆ ಆಡಿಯೊ-ವಿಡಿಯೊ ದಾಖಲೆ ಆಗಲೇಬೇಕು. ಅವನು ಪಾಸ್‌ವರ್ಡ್ ಕೊಡದಿದ್ದರೆ ತನಿಖಾಧಿಕಾರಿ ಬಲವಂತ ಮಾಡುವಂತಿಲ್ಲ, ಕೋರ್ಟಿನ ಮೂಲಕ ಹೋಗಬೇಕು. 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು ಹಾಗೆ ಹೇಳಿದೆ. ಅವನೂ 18ರ ಒಳಗಿನವನೇ ಎಂದು ತಿಳಿದುಬಂದರೆ ಕೇಸು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಆ ಸಾಧ್ಯತೆಗೂ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಪೋಕ್ಸೊದಲ್ಲಿ ನಿರಪರಾಧಿ ಎಂದು ಸಾಬೀತು ಮಾಡುವ ಹೊಣೆ ಆಪಾದಿತನದೇ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಸೆಕ್ಷನ್ 29ರ ಆ ಪೂರ್ವಭಾವನೆ ದೈಹಿಕ ದೌರ್ಜನ್ಯದ ಅಪರಾಧಗಳಾದ 3, 5, 7 ಮತ್ತು 9ನೇ ಸೆಕ್ಷನ್‌ಗಳಿಗೆ ಮಾತ್ರ. ಆನ್‌ಲೈನ್ ಪ್ರಕರಣಗಳಲ್ಲಿ ಬರುವ 11, 13, 15ಕ್ಕೆ ಅದು ಇಲ್ಲ. ಸೆಕ್ಷನ್ 30ರಲ್ಲಿ ಅವನ ದುರುದ್ದೇಶವನ್ನು ಕೋರ್ಟು ಊಹಿಸಿಕೊಳ್ಳುತ್ತದೆ, ಅಷ್ಟೇ. ಕೃತ್ಯ ಅವನದೇ ಎಂಬುದನ್ನು ಸರ್ಕಾರಿ ಅಭಿಯೋಜಕರು ಸಾಬೀತು ಮಾಡಲೇಬೇಕು. ಹಾಗಾಗಿಯೇ ಡಿಜಿಟಲ್ ಸಾಕ್ಷ್ಯದ ಕಾಗದಪತ್ರದಲ್ಲಿ ಒಂದು ಸಣ್ಣ ಬಿರುಕೂ ದುಬಾರಿ.

ಡಿಜಿಟಲ್ ಪ್ರತಿಯನ್ನು ದೃಢೀಕರಿಸುವ ಪತ್ರವೊಂದಿದೆ. ‘65ಬಿ ಪ್ರಮಾಣಪತ್ರ’ ಎಂದು ಕೋರ್ಟಿನ ಸುತ್ತ ಎಲ್ಲರೂ ಹೇಳುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಆಗಿದೆ. ಸ್ಕ್ರೀನ್‌ಶಾಟ್, ಮುದ್ರಿತ ಪ್ರತಿ, ಪೆನ್‌ಡ್ರೈವ್ ಕೊಟ್ಟರೆ ಜೊತೆಗೆ ಈ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ‘ಎ’ ಭಾಗಕ್ಕೆ ಫೋನ್ ಯಾರ ಸುಪರ್ದಿನಲ್ಲಿತ್ತೋ ಅವರ ಸಹಿ. ಇಲ್ಲಿ ನೀವೇ ಹಾಕಬಹುದು. ‘ಬಿ’ ಭಾಗಕ್ಕೆ ತಜ್ಞರದು. ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ, ಅಂದರೆ ಅದರ ಡಿಜಿಟಲ್ ಬೆರಳಚ್ಚು ಬರೆಯಬೇಕು. ಎಸ್‌ಎಚ್‌ಎ-256 ಎಂಬ ವಿಧಾನ ಬಳಸಿದರೆ ಅದು 64 ಅಕ್ಷರ-ಅಂಕಿಗಳ ಸಾಲು. ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಹ್ಯಾಶ್ ಬೇರೆಯಾಗುತ್ತದೆ, ಮೂಲಕ್ಕೂ ಪ್ರತಿಗೂ ತಾಳೆಯಾಗುವುದಿಲ್ಲ. ‘ಸ್ಕ್ರೀನ್‌ಶಾಟ್‌ಗಳನ್ನು ನನ್ನ ವಾಟ್ಸ್‌ಆ್ಯಪ್‌ಗೆ ಹಾಕಿ’ ಎಂದು ಠಾಣೆಯಲ್ಲಿ ಯಾರಾದರೂ ಕೇಳಿದರೆ ವಿನಯದಿಂದಲೇ, ‘ಫೋನ್ ತಂದಿದ್ದೇನೆ, ಮಹಜರಿನಲ್ಲಿ ತೆಗೆದುಕೊಳ್ಳಿ’ ಎನ್ನಿ. ಮೂಲ ಫೋನನ್ನೇ ಹಾಜರುಪಡಿಸಿ, ಅದರ ಒಡೆಯರೇ ಬಂದು ಸಾಕ್ಷಿ ಹೇಳಿದರೆ ಪ್ರಮಾಣಪತ್ರದ ಅಗತ್ಯವಿಲ್ಲ ಎಂದು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಹಳೆಯ ಕಾಯ್ದೆಯಡಿ ಹೇಳಿತ್ತು. ಹಾಗಿದ್ದರೂ ಪ್ರಮಾಣಪತ್ರ ಮಾಡಿಸಿಡುವುದು ಕ್ಷೇಮ.

ಫೋನ್ ಕೊಡುವಾಗ ಮಹಜರಿನಲ್ಲಿ ಐಎಂಇಐ (ಫೋನಿನ ಗುರುತು) ಸಂಖ್ಯೆ ಬರೆದಿದೆಯೇ, ಏರೋಪ್ಲೇನ್ ಮೋಡ್‌ಗೆ ಹಾಕಿದ್ದಾರೆಯೇ, ನಿಮ್ಮೆದುರೇ ಸೀಲ್ ಆಯಿತೇ ನೋಡಿ. ನೆಟ್ ಆನ್ ಇಟ್ಟೇ ಕಪಾಟಿನಲ್ಲಿಟ್ಟರೆ ಆ ಕಡೆಯವನು ಅಲ್ಲಿಂದಲೇ ಮೆಸೇಜು ಅಳಿಸಬಹುದು. ವಿಧಿವಿಜ್ಞಾನ ಪ್ರಯೋಗಾಲಯದಿಂದ ವರದಿ ಬರಲು ತಡವಾಗುತ್ತದೆ, ಅದು ನಿಜ. ಆದರೆ ಪ್ರಯೋಗಾಲಯ ಫೋನಿನ ಪೂರ್ಣ ಡಿಜಿಟಲ್ ನಕಲು ತೆಗೆದುಕೊಂಡ ಮೇಲೆ, ಫೋನನ್ನು ಮಧ್ಯಂತರ ಸುಪರ್ದಿಗೆ ಕೊಡಿ ಎಂದು ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಮೂಲ ಫೋನೇ ಮುಖ್ಯ ಸಾಕ್ಷ್ಯವಾದ್ದರಿಂದ ಕೋರ್ಟು ಒಪ್ಪದೆಯೂ ಇರಬಹುದು. ಅದು ಸದ್ಯಕ್ಕೆ ಬರುವುದಿಲ್ಲ ಎಂದುಕೊಂಡೇ ಕೊಡಿ.

ನಿಮಗೆ ನಿದ್ದೆ ಬಿಡಿಸುತ್ತಿರುವ ಇನ್ನೊಂದು ಪ್ರಶ್ನೆಯಿದೆ, ನೀವು ಬರೆದಿಲ್ಲ: ಚಾರ್ಜ್‌ಶೀಟಿನ ಪ್ರತಿಯ ಜೊತೆ ಆ ಫೋಟೊಗಳು ಅವನ ಕೈಗೇ ಹೋಗುತ್ತವೆಯೇ? ಆಪಾದಿತನಿಗೆ ದಾಖಲೆಗಳ ಪ್ರತಿ ಕೊಡಬೇಕೆಂಬುದು ನಿಯಮ. ಆದರೆ ಇಂಥ ದೃಶ್ಯಗಳಿದ್ದರೆ ಸಂತ್ರಸ್ತೆಯ ಖಾಸಗಿತನ ಕಾಯಲು ಪ್ರತಿ ಕೊಡದೆ, ನೋಡಲು ಮಾತ್ರ ಅವಕಾಶ ಕೊಡಬಹುದು ಎಂದು 2019ರ ಪಿ. ಗೋಪಾಲಕೃಷ್ಣನ್ ವಿರುದ್ಧ ಕೇರಳ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ತಾನಾಗಿ ಆಗುವುದಿಲ್ಲ, ಕೇಳಬೇಕು. ಚಿತ್ರಗಳಿರುವ ಸಾಧನವನ್ನು ಮುಚ್ಚಿದ ಲಕೋಟೆಯಲ್ಲಿಡಬೇಕು, ಪ್ರತಿ ಕೊಡಬಾರದು ಎಂದು ಸರ್ಕಾರಿ ಅಭಿಯೋಜಕರ ಮೂಲಕ ಚಾರ್ಜ್‌ಶೀಟಿನ ದಿನವೇ ಅರ್ಜಿ ಕೊಡಿಸಿ.

ಹೆಸರಿನ ಬಗ್ಗೆ ಹೆಡ್‌ಮಾಸ್ಟರರ ಭಯಕ್ಕೆ ಉತ್ತರ: ಮಗುವಿನ ಹೆಸರು, ವಿಳಾಸ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ಪೋಕ್ಸೊ ಸೆಕ್ಷನ್ 23ರಲ್ಲಿ ಕನಿಷ್ಠ 6 ತಿಂಗಳು, ಗರಿಷ್ಠ 1 ವರ್ಷ ಶಿಕ್ಷೆಯಿದೆ. ಪೋಕ್ಸೊ ಎಫ್‌ಐಆರ್ ಅನ್ನು ಪೊಲೀಸ್ ಜಾಲತಾಣಕ್ಕೂ ಹಾಕುವುದಿಲ್ಲ. ಸೋರಿಕೆಯಾಗುವುದು ಸಾಮಾನ್ಯವಾಗಿ ಊರಿನ ಬಾಯಿಂದ, ಅದನ್ನು ಮುಚ್ಚುವ ಶಕ್ತಿ ಕಾಯ್ದೆಗಿಲ್ಲ ಎಂಬುದನ್ನು ನಾನು ಮರೆಮಾಚುವುದಿಲ್ಲ. ಹಾಗಾಗಿ ಎಷ್ಟು ಕಡಿಮೆ ಜನಕ್ಕೆ ಹೇಳುತ್ತೀರೋ ಅಷ್ಟು ಒಳ್ಳೆಯದು. ಹೆಡ್‌ಮಾಸ್ಟರರಿಗೂ ಒಂದು ಮಾತು ತಿಳಿಸಿ. ಇಂಥ ಅಪರಾಧ ಗೊತ್ತಾದ ಯಾವ ವ್ಯಕ್ತಿಯೂ ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮುಂದೆ ಅವನ ಕಡೆಯವರು ಯಾರಾದರೂ ರಾಜಿಗೆ ಬಂದರೆ, ಪೋಕ್ಸೊ ಕೇಸನ್ನು ರಾಜಿಯ ಮೇಲೆ ರದ್ದು ಮಾಡಲಾಗದು ಎಂದು 2024ರ ನವೆಂಬರ್‌ನಲ್ಲಿ ರಾಮ್‌ಜಿ ಲಾಲ್ ಬೈರ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿರಲಿ.

ಮಗಳು ಎದುರಿಸಬೇಕಾದ್ದು ಇಷ್ಟು. ಹೇಳಿಕೆಯನ್ನು ನಿಮ್ಮ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ, ನಿಮ್ಮೆದುರು ಪಡೆಯಬೇಕು. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಇನ್ನೊಮ್ಮೆ. ದೈಹಿಕ ಸಂಪರ್ಕವೇ ಇಲ್ಲದ ಇಂಥ ಕೇಸಿನಲ್ಲೂ ರೂಢಿಯಂತೆ ಆಸ್ಪತ್ರೆಗೆ ಕರೆದೊಯ್ಯಲು ಹೊರಟರೆ ಅದರ ಅಗತ್ಯವೇನೆಂದು ಕೇಳಿ. ಒಪ್ಪಿಗೆಯಿಲ್ಲದೆ ವೈದ್ಯಕೀಯ ಪರೀಕ್ಷೆ ನಡೆಯಕೂಡದು. ಕೋರ್ಟಿನಲ್ಲಿ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ. ಅವನು ಅವಳ ಕಣ್ಣಿಗೆ ಬೀಳದಂತೆ ಪರದೆ ಅಥವಾ ವಿಡಿಯೊ ವ್ಯವಸ್ಥೆ ಇರಬೇಕು. ಅವನ ವಕೀಲರು ಅವಳನ್ನು ನೇರವಾಗಿ ಪಾಟಿ ಸವಾಲು ಮಾಡುವಂತಿಲ್ಲ, ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಕೇಳುವವರು ನ್ಯಾಯಾಧೀಶರು. ಕೋರ್ಟು ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, 1 ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದು ಸೆಕ್ಷನ್ 35 ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ. ಆ ನಡುವೆ ಅವಳ ಜೊತೆ ನಿಲ್ಲಲು ಒಬ್ಬ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಒದಗಿಸುತ್ತದೆ, ಕೇಳಿ ಪಡೆಯಿರಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ನಿಮಗೆ ವಕೀಲರು ಉಚಿತ. ಮಧ್ಯಂತರ ಪರಿಹಾರಕ್ಕೂ ಅದೇ ಹೊತ್ತಿನಲ್ಲಿ ಅರ್ಜಿ ಹಾಕಿ.

ನಾಳೆ ಠಾಣೆಗೆ ಹೋಗುವಾಗ ಚೀಲದಲ್ಲಿ ಇವಿರಲಿ: ಮಗಳ ಫೋನು, ಅದರ ಬಿಲ್ ಅಥವಾ ಪೆಟ್ಟಿಗೆ, ವಿಡಿಯೊ ಮಾಡಿದ ಎರಡನೇ ಫೋನು, ಯುಪಿಐ ವಿವರ, ದೂರಿನ ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ; ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ವಯಸ್ಸಿಗೆ ಆಧಾರ್ ಕಾರ್ಡ್ ನೆಚ್ಚಿಕೊಳ್ಳಬೇಡಿ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94 ಹೆಸರಿಸುವುದು ಶಾಲೆಯ ಜನನ ದಿನಾಂಕ ಪತ್ರ, ಮೆಟ್ರಿಕ್ ಪ್ರಮಾಣಪತ್ರ, ಇಲ್ಲವೇ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. 2023ರ ಪಿ. ಯುವಪ್ರಕಾಶ್ ಪ್ರಕರಣದಲ್ಲಿ ಬರೀ ವರ್ಗಾವಣೆ ಪತ್ರ ಸಾಲದೆ ಪೋಕ್ಸೊ ಶಿಕ್ಷೆಯೇ ಬಿದ್ದುಹೋಯಿತು. ಮಗಳ ಜನನ ಪ್ರಮಾಣಪತ್ರ ಮನೆಯಲ್ಲಿ ಸಿಗದಿದ್ದರೂ ಠಾಣೆಗೆ ಹೋಗುವುದನ್ನು ಮುಂದೂಡಬೇಡಿ. ಅದನ್ನು ಆಮೇಲೆ ತೆಗೆಸಿ ತನಿಖಾಧಿಕಾರಿಗೆ ಕೊಡಬಹುದು.